ಪೇಟೆಯಾದ ಮೇಲೆ ಪ್ರಶ್ನೆ ಕೇಳುವುದು ಎಲ್ಲಿ?

(ಬಾನುಲಿ ಭಾಷಣ)

"ಕಳೆದ ಸಾಮಾನ್ಯ ಸಭೆಯ ನಡವಳಿಯನ್ನು ಓದಿ ದೃಢೀಕರಿಸುವ ಬಗ್ಗೆ." ನಮ್ಮ ರಾಜ್ಯದ ಯಾವ ಪುರಸಭೆಯ ಕಾರ್ಯಸೂಚಿ ಕೈಗೆತ್ತಿಕೊಂಡರೂ ಮೊದಲ ಸಾಲು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಎರಡನೆಯದು ತಿಂಗಳ ಜಮಾಖರ್ಚು. ಆಮೇಲೆ ಟೆಂಡರುಗಳ ಮಂಜೂರಾತಿ, ಅಂಗಡಿ ಕೋಣೆಗಳ ಹರಾಜು, ಬೀದಿದೀಪದ ನಿರ್ವಹಣೆ, ಬಂದಿರುವ ಅರ್ಜಿಗಳು. ಎಲ್ಲಕ್ಕಿಂತ ಕೊನೆಗೆ, "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು." ಮರುದಿನ ಪೇಪರಿನಲ್ಲಿ ನಾವು ಓದುವುದೆಲ್ಲ ಸಾಮಾನ್ಯವಾಗಿ ಈ ಕೊನೆಯ ಸಾಲಿನಲ್ಲಿ ನಡೆದದ್ದು. ಮಾತಿನ ಚಕಮಕಿ, ಸಭಾತ್ಯಾಗ, ಮೇಜು ಕುಟ್ಟಿದ್ದು. ಊರಿನ ದುಡ್ಡು ಎಲ್ಲಿಗೆ ಹೋಯಿತು ಎಂಬುದು ಮಾತ್ರ ಮೊದಲಿನ ಸಾಲುಗಳಲ್ಲೇ ತೀರ್ಮಾನವಾಗಿರುತ್ತದೆ. ಅದನ್ನು ಓದುವವರು ಕಡಿಮೆ.

ಕೇಳುಗರೇ, ಇವತ್ತು ನಾನು ಮಾತಾಡಲು ಹೊರಟದ್ದು ಆ ನೀರಸವಾದ ಸಾಲುಗಳ ಬಗ್ಗೆಯೇ. ನಮ್ಮ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಒಂದೇ ಹೆದ್ದಾರಿಯ ಬದಿಗೆ ಬೆಳೆದ ಪೇಟೆಗಳು. ಆದರೆ ಆಡಳಿತ ಒಂದೊಂದರದ್ದು ಒಂದೊಂದು ಬಗೆ. ಕುಂದಾಪುರದ್ದು ಹಳೆಯ ಪುರಸಭೆ. ಬೈಂದೂರು ಈಚೆಗಷ್ಟೆ ಪಟ್ಟಣ ಪಂಚಾಯತ್ ಆದ ಊರು. ಬ್ರಹ್ಮಾವರವಂತೂ ವಾರಂಬಳ್ಳಿ, ಚಾಂತಾರು, ಹಂದಾಡಿ, ಹಾರಾಡಿ ಎಂಬ ಗ್ರಾಮ ಪಂಚಾಯತುಗಳಿಗೆ ಹರಡಿಕೊಂಡು ಬೆಳೆದದ್ದು. ಬಸ್ಸಿಳಿದವನಿಗೆ ಅದು ಒಂದೇ ಪೇಟೆ, ಕಡತದಲ್ಲಿ ಹಲವು ಊರು.

ಮೊದಲು ಕುಂದಾಪುರ. ಇಪ್ಪತ್ತಮೂರು ವಾರ್ಡು, 2011ರ ಜನಗಣತಿಯಂತೆ ಮೂವತ್ತು ಸಾವಿರ ಚಿಲ್ಲರೆ ಜನ. ದೊಡ್ಡ ಊರೇನಲ್ಲ. ಆದರೆ ಬೆಳಿಗ್ಗೆ ಶಾಸ್ತ್ರಿ ಸರ್ಕಲ್ಲಿನಲ್ಲಿ ನಿಂತರೆ ಈ ಲೆಕ್ಕ ನಂಬುವ ಹಾಗಿರುವುದಿಲ್ಲ. ಅಮಾಸೆಬೈಲು, ಸಿದ್ಧಾಪುರ, ಕೊಲ್ಲೂರು, ಗಂಗೊಳ್ಳಿ, ಎಲ್ಲ ಕಡೆಯ ಬಸ್ಸೂ ಇಲ್ಲಿಗೇ. ಆಸ್ಪತ್ರೆ, ಕೋರ್ಟು, ಕಾಲೇಜು, ಉಪವಿಭಾಗಾಧಿಕಾರಿಗಳ ಕಚೇರಿ, ಶನಿವಾರದ ಸಂತೆ. ಹಗಲಿಗೆ ಬಂದು ಸಂಜೆಗೆ ಹೋಗುವ ಇಷ್ಟೂ ಜನರ ಕಸ, ಶೌಚಾಲಯ, ಪಾರ್ಕಿಂಗು ಪುರಸಭೆಯ ತಲೆಮೇಲೆ. ಅವರ ಮನೆಯ ತೆರಿಗೆ ಅವರವರ ಪಂಚಾಯತಿಗೆ. ಇನ್ನೊಂದು ತಮಾಷೆ ನೋಡಿ. ಜನನ ನೋಂದಣಿ ನಡೆಯುವುದು ಮಗು ಹುಟ್ಟಿದ ಸ್ಥಳದಲ್ಲಿ, ಅಪ್ಪ ಅಮ್ಮನ ಮನೆ ಇರುವ ಊರಿನಲ್ಲಲ್ಲ. ಹಾಗಾಗಿ ಘಟ್ಟದ ಬುಡದಲ್ಲಿ ಬೆಳೆಯುವ ಎಷ್ಟೋ ಮಕ್ಕಳು ಕಾಗದದ ಮೇಲೆ ಕುಂದಾಪುರದವರು. ಮುಂದೆ ಪಾಸ್‌ಪೋರ್ಟಿಗೋ ಶಾಲೆಗೋ ಹೆಸರಿನ ಒಂದಕ್ಷರ ತಿದ್ದಿಸಬೇಕಾದಾಗ ಬಸ್ಸು ಹತ್ತಿ ಬರಲೇಬೇಕು. ಹುಟ್ಟಿದ ಇಪ್ಪತ್ತೊಂದು ದಿನದೊಳಗೆ ವರದಿ ಕೊಟ್ಟರೆ ನೋಂದಣಿ ಖರ್ಚಿಲ್ಲದೆ ಮುಗಿಯುತ್ತದೆ. ತಡವಾದಷ್ಟೂ ಕಾಗದ ಜಾಸ್ತಿ.

ಪುರಸಭೆಯೆಂದರೆ ಜನರ ಬಾಯಲ್ಲಿ ಮೊದಲು ಬರುವುದು ನೀರು. ಮೂರು ಬದಿಗೂ ನೀರಿರುವ ಊರಿಗೆ ಕುಡಿಯುವ ನೀರು ಹೊರಗಿನಿಂದ ಬರಬೇಕು. ಸೌಪರ್ಣಿಕಾ, ವಾರಾಹಿ, ಚಕ್ರಾ ಮುಂತಾದ ಐದು ಹೊಳೆಗಳು ಕೂಡಿದ ಪಂಚಗಂಗಾವಳಿ ಊರನ್ನು ಬಳಸಿಕೊಂಡೇ ಗಂಗೊಳ್ಳಿ ಅಳಿವೆಗೆ ಹೋಗುತ್ತದೆ. ಆದರೆ ಭರತದ ಹೊತ್ತಿಗೆ ಕಡಲು ಒಳಗೆ ನುಗ್ಗುವುದರಿಂದ ಬೇಸಿಗೆಯಲ್ಲಿ ಖಾರ್ವಿಕೇರಿ, ಮದ್ದುಗುಡ್ಡೆ, ಕೋಡಿ ಕಡೆಯ ಬಾವಿಗಳ ನೀರು ಬಾಯಿಗೆ ಹಾಕುವ ಹಾಗಿರುವುದಿಲ್ಲ. ಆದ್ದರಿಂದ ಹೊಳೆಯ ಮೇಲ್ಭಾಗದ ಜಪ್ತಿ ಎಂಬ ಊರಿನಲ್ಲಿ ವಾರಾಹಿಯ ಸಿಹಿನೀರನ್ನು ಎತ್ತಿ, ಶುದ್ಧೀಕರಿಸಿ, ಕೊಳವೆಯಲ್ಲಿ ಪೇಟೆಗೆ ತರುತ್ತಾರೆ. ದಾರಿಯ ಕೆಲವು ಗ್ರಾಮ ಪಂಚಾಯತುಗಳಿಗೂ ಅದೇ ಕೊಳವೆಯ ನೀರು. ಜಪ್ತಿಯ ಪಂಪಿಗೆ ಕರೆಂಟು ಕೈಕೊಟ್ಟರೆ ಹೊಳೆ ದಡದ ಮನೆಯವರಿಗೆ ನೀರಿಲ್ಲ.

ಈ ವ್ಯವಸ್ಥೆಯಲ್ಲಿ ನಾನು ಹೆಚ್ಚು ಗೌರವಿಸುವುದು ನೀರು ಬಿಡುವವರನ್ನು, ಎಂದರೆ ವಾಲ್ವ್‌ಮ್ಯಾನ್‌ಗಳನ್ನು. ಟಿ ಆಕಾರದ ಉದ್ದನೆಯ ಕಬ್ಬಿಣದ ಕೀಲಿ ಹಿಡಿದು, ರಸ್ತೆ ಬದಿಯ ಸಿಮೆಂಟ್ ಮುಚ್ಚಳ ಎಬ್ಬಿಸಿ, ಒಂದು ಬೀದಿಗೆ ತಿರುಗಿಸಿ ಇನ್ನೊಂದು ಬೀದಿಗೆ ಕಟ್ಟುವ ಕೆಲಸ ಅವರದ್ದು. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ತುದಿಮನೆಗೆ ನೀರು ಏರುತ್ತದೆ ಎಂಬುದು ಎಷ್ಟೋ ಊರುಗಳಲ್ಲಿ ನಕ್ಷೆಗಿಂತ ಅವರ ತಲೆಯಲ್ಲೇ ಹೆಚ್ಚು ಸರಿಯಾಗಿರುತ್ತದೆ. ಬೆಳಿಗ್ಗೆ ಅವರಿಗೆ ಬರುವ ಫೋನೂ ಒಂದೇ ತರ.

"ಹ್ವಾಯ್, ನಮ್ಮ್ ಬದಿಗ್ ನೀರೇ ಬರ್ಲಿಲ್ಲ, ಎಂತ ಕಥಿ?"

"ಕರೆಂಟ್ ಇಲ್ಲ ಮಾರಾಯ್ರೆ, ಟ್ಯಾಂಕಿ ತುಂಬ್ಲೇ ಇಲ್ಲ."

ಕೌನ್ಸಿಲರು, ಮುಖ್ಯಾಧಿಕಾರಿ, ಶಾಸಕರು ಎಲ್ಲರನ್ನೂ ದಾಟಿ ಜನ ನೇರ ಫೋನ್ ಮಾಡುವುದು ಇವರಿಗೆ. ಎಂತ ಆಗಿದೆ ಎಂದು ಸರಿಯಾದ ಉತ್ತರ ಸಿಗುವುದೂ ಅಲ್ಲಿಯೇ.

ಇನ್ನು ತೆರಿಗೆ. ಏಪ್ರಿಲ್ ತಿಂಗಳಿನಲ್ಲಿ ಕಟ್ಟಿದರೆ ಶೇಕಡಾ ಐದು ರಿಯಾಯಿತಿ, ಮೇ ಮತ್ತು ಜೂನ್‌ನಲ್ಲಿ ಇದ್ದದ್ದು ಇದ್ದ ಹಾಗೆ, ಜುಲೈಯಿಂದ ತಿಂಗಳಿಗೆ ಶೇಕಡಾ ಎರಡರಂತೆ ದಂಡ. ಏಪ್ರಿಲ್ ಕೊನೆಯ ವಾರದ ಸರದಿ ಸಾಲು ಇದರಿಂದಲೇ. ಎರಡು ದಶಕಗಳಿಂದ ನಮ್ಮಲ್ಲಿರುವುದು ಸ್ವಯಂ ಘೋಷಣೆಯ ಪದ್ಧತಿ. ಮನೆ ಎಷ್ಟು ಚದರಡಿ, ಹಂಚೋ ತಾರಸಿಯೋ, ಎಷ್ಟು ವರ್ಷ ಹಳತು ಎಂದು ಮಾಲೀಕನೇ ತುಂಬಿ, ತಾನೇ ಲೆಕ್ಕ ಹಾಕಿ ಕಟ್ಟಬೇಕು. ಕಟ್ಟಿದ ಚಲನ್ನನ್ನು ಒಮ್ಮೆ ಕೂತು ಓದಿ. ತೆರಿಗೆ ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಉಪಕರ ನೂರೈವತ್ತು, ಗ್ರಂಥಾಲಯ ಉಪಕರ ಅರುವತ್ತು, ಭಿಕ್ಷುಕರ ಉಪಕರ ಮೂವತ್ತು, ನಗರ ಸಾರಿಗೆ ಉಪಕರ ಇಪ್ಪತ್ತು. ಹೌದು, ಭಿಕ್ಷುಕರ ಹೆಸರಿನಲ್ಲೂ ಒಂದು ಉಪಕರ ಇದೆ. ಭಿಕ್ಷಾಟನೆ ನಿಷೇಧಿಸಿದ 1975ರ ಕಾನೂನಿನ ಬೆನ್ನಿಗೆ ಬಂದದ್ದು, ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಹೋಗುವಂಥದ್ದು. ಗ್ರಂಥಾಲಯದ ಹಣವೂ ಗ್ರಂಥಾಲಯ ಇಲಾಖೆಗೆ ಹೋಗತಕ್ಕದ್ದು. "ಇಷ್ಟು ಕಟ್ತೇನೆ, ನನ್ನ ಮನೆ ಎದುರಿನ ತೋಡು ಯಾಕೆ ಹಾಗೇ ಉಂಟು?" ಎಂದು ಕೌಂಟರಿನಲ್ಲಿ ಸಿಟ್ಟಾಗುವವರು, ಕೊಟ್ಟದ್ದರಲ್ಲಿ ಒಂದು ಪಾಲು ಆ ಕೌಂಟರಿನಲ್ಲಿ ಉಳಿಯುವುದೇ ಇಲ್ಲ ಎಂಬುದನ್ನು ಗಮನಿಸಿರುವುದಿಲ್ಲ. ಉಳಿದದ್ದರಲ್ಲೂ ಶೇಕಡಾ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, 7.25 ಇತರ ಬಡವರಿಗೆ, 5 ಅಂಗವಿಕಲರಿಗೆ ಎಂದು ಮೀಸಲಿಡಬೇಕು. ಅದು ಸರಿಯಾದದ್ದೇ. ನನ್ನ ತಕರಾರು ಮೀಸಲಿಟ್ಟದ್ದರ ಬಗ್ಗೆ ಅಲ್ಲ. ಹಾಗೆ ಇಟ್ಟದ್ದು ವರ್ಷದ ಕೊನೆಗೆ ಖರ್ಚಾಯಿತೇ ಎಂದು ಸಭೆಯಲ್ಲಿ ಎದ್ದು ಕೇಳುವವರು ಎಷ್ಟು ಮಂದಿ ಎಂಬುದರ ಬಗ್ಗೆ.

ಖಾತೆಯ ಕಥೆಯಂತೂ ಪುರಾಣ. ಹಳ್ಳಿಯಲ್ಲಿ ಮನೆ ಇದ್ದವರಿಗೆ ನಮೂನೆ ಒಂಬತ್ತು ಮತ್ತು ಹನ್ನೊಂದು ಬೇಕು. ನಮ್ಮವರ ಬಾಯಲ್ಲಿ ಅದು "ನೈನ್ ಇಲೆವನ್". ಪುರಸಭೆಯೊಳಗೆ ಅದೇ ಕೆಲಸಕ್ಕೆ ಇ-ಖಾತೆ. ಭೂಪರಿವರ್ತನೆ ಆಗದ, ವಿನ್ಯಾಸ ನಕ್ಷೆ ಇಲ್ಲದ ಜಾಗದಲ್ಲಿ ಮನೆ ಕಟ್ಟಿ ಕೂತವರಿಗೆ ಮಾತ್ರ ಎರಡೂ ಇರಲಿಲ್ಲ. ಮಾರುವ ಹಾಗಿರಲಿಲ್ಲ, ಸಾಲ ಸಿಗುತ್ತಿರಲಿಲ್ಲ. ಅಂಥವರಿಗೆಂದು 2025ರ ಫೆಬ್ರವರಿಯಲ್ಲಿ ಸರಕಾರ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ-ಖಾತೆ ಕೊಡಲು ಹೊರಟಿತು, ಮೂರು ತಿಂಗಳ ಅಭಿಯಾನ ಎಂದಿತು. ಇದ್ದ ಕೆಲಸಕ್ಕೇ ಜನ ಸಾಲದ ಕಚೇರಿಗಳಲ್ಲಿ ಅಭಿಯಾನವೆಂದರೆ ಏನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ನಮ್ಮ ಕರಾವಳಿಯ ಎಲ್ಲ ಕೌಂಟರುಗಳ ಮಂತ್ರ. ಕಡಲು, ಹೊಳೆಯ ಬದಿಯವರಿಗೆ ಇನ್ನೂ ಒಂದು ಗಂಟು ಇದೆ, ಕರಾವಳಿ ನಿಯಂತ್ರಣ ವಲಯದ ನಿಯಮ, ಎಂದರೆ ಸಿಆರ್‌ಝಡ್. ಅಜ್ಜನ ಕಾಲದ ಮನೆಯನ್ನೇ ಕೆಡವಿ ಅದೇ ಪಾಯದ ಮೇಲೆ ಕಟ್ಟುವುದಕ್ಕೂ ಕಾಗದ ಪುರಸಭೆಯಿಂದ ಮೇಲೆ ಹೋಗಿ ಇಳಿದು ಬರಬೇಕು.

ಇಲ್ಲಿಗೆ ಒಂದು ವಿಷಯ ಕಂಡಿರಬೇಕು. ಪುರಸಭೆಯ ಮೇಲೆ ನಾವು ಹೊರಿಸುವ ದೂರುಗಳಲ್ಲಿ ಒಳ್ಳೆಯ ಪಾಲು ಪುರಸಭೆಯದ್ದೇ ಅಲ್ಲ. ಶಾಸ್ತ್ರಿ ಸರ್ಕಲ್ಲಿನ ಫ್ಲೈಓವರನ್ನೇ ನೋಡಿ. ಅದು ಅರ್ಧಕ್ಕೆ ನಿಂತ ವರ್ಷಗಳಲ್ಲಿ ಧೂಳು ತಿಂದ ಅಂಗಡಿಯವರು, ಮಳೆಗಾಲದಲ್ಲಿ ಸರ್ವಿಸ್ ರಸ್ತೆಯ ಹೊಂಡಕ್ಕೆ ಬಿದ್ದ ಸ್ಕೂಟರಿನವರು ಬೈದದ್ದು ಪುರಸಭೆಯ ಸದಸ್ಯರನ್ನು. ರಸ್ತೆ ಮಾತ್ರ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು, ಹೆದ್ದಾರಿ 66. ಸಭೆಯಲ್ಲಿ ನಿರ್ಣಯ ಮಾಡಿ ಕಳಿಸುವುದು ಬಿಟ್ಟರೆ ಪುರಸಭೆಗೆ ಅಲ್ಲಿ ಒಂದು ಬುಟ್ಟಿ ಜಲ್ಲಿ ಹಾಕುವ ಅಧಿಕಾರವಿರಲಿಲ್ಲ. ಲೋಕೋಪಯೋಗಿ ಇಲಾಖೆಯ ರಸ್ತೆ ಬೇರೆ, ಮೆಸ್ಕಾಂ ಕಂಬ ಬೇರೆ. ಕಂಬ ಮೆಸ್ಕಾಂನದ್ದು, ಅದರ ಮೇಲಿನ ಬಲ್ಬು ಪುರಸಭೆಯದ್ದು, ಮಧ್ಯೆ ವಯರಿಗೆ ತಾಗಿದ ಮರದ ಗೆಲ್ಲು ಕಡಿಯಬೇಕಾದವರು ಯಾರು ಎಂಬುದು ಪ್ರತಿ ಮೇ ತಿಂಗಳಿನ ಚರ್ಚೆ. ಸದಸ್ಯರು "ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದಾಗ ನಮಗೆ ನುಣುಚಿಕೊಂಡ ಹಾಗೆ ಕೇಳುತ್ತದೆ. ಹಲವು ಸಲ ಅವರ ಮಾತು ನಿಜವೇ. ನುಣುಚಿಕೊಳ್ಳುವುದಕ್ಕೂ ಅದೇ ಮಾತು ಒದಗುತ್ತದೆ ಎಂಬುದು ಇನ್ನೊಂದು ತೊಂದರೆ.

ಇನ್ನು ಇರುವ ಅಧಿಕಾರವಾದರೂ ಸದಸ್ಯರಿಗೆ ಸರಿಯಾಗಿ ಸಿಕ್ಕಿತೇ? 2018ರ ಆಗಸ್ಟ್ 31ಕ್ಕೆ ಕುಂದಾಪುರದವರು ಸಾಲುಗಟ್ಟಿ ವೋಟು ಹಾಕಿದರು, ಸದಸ್ಯರು ಗೆದ್ದರು. ಆದರೆ ಅಧ್ಯಕ್ಷ ಉಪಾಧ್ಯಕ್ಷ ಹುದ್ದೆಗಳ ಮೀಸಲಾತಿ ಪಟ್ಟಿ ಹೈಕೋರ್ಟಿನ ಮೆಟ್ಟಿಲೇರಿ, ರಾಜ್ಯದ ಎಷ್ಟೋ ಪುರಸಭೆಗಳಂತೆ ಇಲ್ಲಿಯೂ ಕುರ್ಚಿ ಖಾಲಿ. ಅಧ್ಯಕ್ಷರ ಆಯ್ಕೆ ಆಗುವಾಗ 2020ರ ಕೊನೆಯ ಭಾಗ. ಎರಡು ವರ್ಷ ದಾಟಿದ ಆ ಅವಧಿಯಲ್ಲಿ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಗೆದ್ದವರು ಹೆಸರಿಗೆ ಸದಸ್ಯರಾಗಿ, ಅಧಿಕಾರವಿಲ್ಲದೆ, ಸೋತವರೊಟ್ಟಿಗೇ ಬೀದಿಯಲ್ಲಿ ನಿಂತರು. ಮೊದಲ ಮೂವತ್ತು ತಿಂಗಳು ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿಗೂ ಕಾಯಬೇಕಾಯಿತು. ಆ ಕಾಲದಲ್ಲಿ ಕಸದ ಗಾಡಿ ನಿಲ್ಲಲಿಲ್ಲ, ನೀರೂ ಬಂತು. ಅದನ್ನು ಕಂಡು "ಮೆಂಬರುಗಳು ಇಲ್ಲದಿದ್ದರೂ ಏನೂ ವ್ಯತ್ಯಾಸ ಆಗಲಿಲ್ಲವಲ್ಲ" ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದಿನದ ಕೆಲಸ ನಡೆಸುವುದು ನೌಕರರು, ಸರಿಯೇ. ಆದರೆ ಯಾವ ತೋಡು ಮೊದಲು, ಯಾವ ಬೀದಿ ಆಮೇಲೆ ಎಂದು ಜಗಳ ಮಾಡುವುದಕ್ಕೆ ಊರಿನವರೇ ಒಬ್ಬರು ಬೇಕು. ಆಡಳಿತಾಧಿಕಾರಿ ಯಾರ ಮದುವೆ ಮನೆಯಲ್ಲೂ ಊಟಕ್ಕೆ ಕೂತು ಪಕ್ಕದವರಿಂದ ಬೈಸಿಕೊಳ್ಳುವುದಿಲ್ಲ.

ಇದೇ ಮಾತು ಬೈಂದೂರಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. 2018ರಲ್ಲಿ ಬೈಂದೂರು, ಬ್ರಹ್ಮಾವರ ಎರಡೂ ತಾಲೂಕು ಕೇಂದ್ರಗಳಾದವು. ಆಮೇಲೆ ಬೈಂದೂರಿಗೆ ಪಟ್ಟಣ ಪಂಚಾಯತ್ ಬಂತು. ಬೈಂದೂರು, ಯಡ್ತರೆ ಮೊದಲಾದ ಗ್ರಾಮಗಳನ್ನು ಇಡಿಯಾಗಿ ಕೂಡಿಸಿ ಒಂದು ಗೆರೆ ಎಳೆದರು. ಆ ಗೆರೆಯೊಳಗೆ ಬಸ್ ನಿಲ್ದಾಣದ ಸುತ್ತಲಿನ ಪೇಟೆಯೂ ಬಂತು, ಗಂಗನಾಡಿನಂಥ ಕಾಡಂಚಿನ ಊರೂ ಬಂತು. ಗದ್ದೆ, ಅಡಿಕೆ ತೋಟ, ಹಟ್ಟಿ, ನಡುವೆ ದಾಟುವ ಹೊಳೆ ಇರುವ ಜಾಗ ರಾತ್ರೋರಾತ್ರಿ ಪಟ್ಟಣ. ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಯ ಕೈಯಲ್ಲೇ ಉಳಿಯಿತು. 2025ರಲ್ಲಿ ರೈತರು ಗ್ರಾಮೀಣ ಭಾಗಗಳನ್ನು ಪಟ್ಟಣದಿಂದ ಬಿಡಿ ಎಂದು ಬೈಂದೂರಿನಲ್ಲಿ ದಿನಗಟ್ಟಲೆ ಧರಣಿ ಕೂತರು.

ಪಟ್ಟಣವೆಂದರೆ ಬೇಡವೆನ್ನುವವರೂ ಇರುತ್ತಾರೆಯೇ ಎಂದು ಹೊರಗಿನವರಿಗೆ ಆಶ್ಚರ್ಯ. ಅವರ ಲೆಕ್ಕ ಸ್ಪಷ್ಟವಾಗಿದೆ. ಉದ್ಯೋಗ ಖಾತ್ರಿ ಯೋಜನೆ ಗ್ರಾಮೀಣ ಪ್ರದೇಶಕ್ಕೆ ಮಾತ್ರ. ನಮ್ಮ ಜಿಲ್ಲೆಯಲ್ಲಿ ಆ ದುಡ್ಡಿನಿಂದ ತೋಡಿದ ಬಾವಿಗಳು, ಕಟ್ಟಿದ ದನದ ಹಟ್ಟಿಗಳು, ಹಾಕಿದ ಅಡಿಕೆ ಗಿಡಗಳು ಕಡಿಮೆಯಲ್ಲ. ಪಟ್ಟಣವಾದ ದಿನವೇ ಅದು ನಿಂತಿತು. ಸರಕಾರಿ ಜಾಗದಲ್ಲಿ ಬೇಸಾಯ ಮಾಡಿಕೊಂಡವರ ಅಕ್ರಮ ಸಕ್ರಮದ ಅರ್ಜಿ ಪಟ್ಟಣದ ಗಡಿಯಿಂದ ಇಂತಿಷ್ಟು ದೂರದೊಳಗೆ ನಡೆಯುವುದಿಲ್ಲ. ಮನೆ ಅಡಿಸ್ಥಳದ ಅರ್ಜಿಗೂ ಹಳ್ಳಿಗೊಂದು ಕಲಮು, ಪೇಟೆಗೊಂದು ಕಲಮು. ಪೇಟೆಯಲ್ಲಿ ಸಿಗುವ ಜಾಗ ಕಡಿಮೆ, ಕಟ್ಟುವ ದುಡ್ಡು ಜಾಸ್ತಿ. ತೆರಿಗೆ ಏರುತ್ತದೆ. ಇಷ್ಟಕ್ಕೆ ಬದಲು ಸಿಗುವ ಬೀದಿದೀಪ ಗಂಗನಾಡಿನ ದಾರಿಗೆ ಯಾವಾಗ ಬರುತ್ತದೋ.

ಇವೆಲ್ಲ ದುಡ್ಡಿನ ಮಾತಾಯಿತು. ಪಟ್ಟಣವಾಗುವಾಗ ಕಳೆದುಹೋಗುವ ಇನ್ನೊಂದರ ಬಗ್ಗೆ ಯಾರೂ ಮಾತಾಡಿದ್ದು ಕೇಳಿಲ್ಲ. ಅದು ಗ್ರಾಮಸಭೆ.

ಬ್ರಹ್ಮಾವರದ ಕಡೆಯವರಿಗೆ ಇದರ ರುಚಿ ಗೊತ್ತು. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಮತದಾರರಲ್ಲಿ ಹತ್ತರಲ್ಲೊಂದು ಪಾಲು, ಇಲ್ಲವೇ ನೂರು ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಇದ್ದರೆ ಸಭೆ ನಡೆಯುತ್ತದೆ. ಅಲ್ಲಿ ಮೆಂಬರು ಆಗಿರಬೇಕಾಗಿಲ್ಲ, ವೋಟರ್ ಲಿಸ್ಟಿನಲ್ಲಿ ಹೆಸರಿದ್ದರೆ ಸಾಕು. ಶಾಲೆಯ ಸಭಾಂಗಣದಲ್ಲೋ ಪಂಚಾಯತ್ ಕಚೇರಿಯ ಎದುರಿನ ಶಾಮಿಯಾನದಡಿಯಲ್ಲೋ ಪ್ಲಾಸ್ಟಿಕ್ ಕುರ್ಚಿ ಹಾಕಿರುತ್ತಾರೆ. ಮೆಸ್ಕಾಂನವರು, ಕೃಷಿ ಇಲಾಖೆಯವರು, ಆರೋಗ್ಯ ಇಲಾಖೆಯವರು, ಅರಣ್ಯದವರು ಒಬ್ಬೊಬ್ಬರೇ ಎದ್ದು ತಮ್ಮ ಇಲಾಖೆಯ ಮಾಹಿತಿ ಓದುತ್ತಾರೆ. ಆ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಲ್ಲುತ್ತಾರೆ. "ಅದೆಲ್ಲ ಇರಲಿ ಸ್ವಾಮಿ, ನಮ್ಮ ಮನೆ ಹತ್ತಿರದ ಟ್ರಾನ್ಸ್‌ಫಾರ್ಮರ್ ಯಾವಾಗ ಸರಿ ಮಾಡ್ತೀರಿ, ಅದು ಹೇಳಿ." ಉತ್ತರ ಕೊಡದೆ ಕೂರುವ ಹಾಗಿಲ್ಲ. ಅಧಿಕಾರಿ ಬಾರದೆ ಸಹಾಯಕನನ್ನು ಕಳಿಸಿದರೆ ಗ್ರಾಮಸ್ಥರು ಸಭೆಯನ್ನೇ ಮುಂದೂಡಿಸಿದ ಸುದ್ದಿ ನಮ್ಮ ಕರಾವಳಿಯ ಪೇಪರುಗಳಲ್ಲಿ ಆಗಾಗ ಬರುತ್ತದೆ. ಸಭೆಯೆಂದರೆ ಬರೀ ಜಗಳ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟೆ. ಜಗಳ ಮಾಡುವುದಕ್ಕೆ ಒಂದು ಜಾಗ ಉಂಟಲ್ಲ, ಅದೇ ದೊಡ್ಡದು.

ಪುರಸಭೆಯಲ್ಲಿ ಇದಿಲ್ಲ. ಮಾತಾಡುವವರು ಇಪ್ಪತ್ತಮೂರು ಮಂದಿ ಸದಸ್ಯರು. ಸರಕಾರ ನಾಮಕರಣ ಮಾಡಿದವರಿದ್ದರೆ ಅವರು ಮಾತಾಡಬಹುದು, ವೋಟು ಹಾಕುವಂತಿಲ್ಲ. ಶಾಸಕರು, ಸಂಸದರು ಪದನಿಮಿತ್ತ. ಊರಿನವರು ಹೆಚ್ಚೆಂದರೆ ಹಿಂದೆ ಕೂತು ನೋಡಬಹುದು. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೂ ವಾರ್ಡ್ ಸಮಿತಿ ಎಂದಿತು, ಆದರೆ ಕಡ್ಡಾಯ ಮಾಡಿದ್ದು ಮೂರು ಲಕ್ಷ ಮತ್ತು ಮೇಲ್ಪಟ್ಟ ಜನಸಂಖ್ಯೆ ಇದ್ದಲ್ಲಿಗೆ. ಮೂವತ್ತು ಸಾವಿರದ ಕುಂದಾಪುರ ಎಲ್ಲಿಗೆ ಹೋಗಬೇಕು? ವಾರಂಬಳ್ಳಿಯ ಒಬ್ಬ ಕೂಲಿಯಾಳಿಗೆ ಇರುವ ಹಕ್ಕು ಕುಂದಾಪುರ ಪೇಟೆಯ ವಕೀಲರಿಗಿಲ್ಲ ಎಂದರೆ ನಂಬುತ್ತೀರಾ?

ಗ್ರಾಮ ಪಂಚಾಯತ್ ಎಂದರೆ ಹಿಂದುಳಿದದ್ದು, ಮೇಲ್ದರ್ಜೆಗೇರಬೇಕು ಎಂಬ ಅಭಿಪ್ರಾಯ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಕಸದ ವಿಷಯವನ್ನೇ ತೆಗೆದುಕೊಳ್ಳಿ. ಕುಂದಾಪುರ ತಾಲೂಕಿನ ವಂಡ್ಸೆ ಗ್ರಾಮ ಪಂಚಾಯತ್ ಕಸ ನಿರ್ವಹಣೆಯ ತಜ್ಞ ವೆಲ್ಲೂರಿನ ಶ್ರೀನಿವಾಸನ್ ಅವರ ಮಾರ್ಗದರ್ಶನದಲ್ಲಿ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆಯ, ಎಂದರೆ ಎಸ್‌ಎಲ್‌ಆರ್‌ಎಂ ಘಟಕ ಮಾಡಿತು. ಮನೆಮನೆಯ ಕಸ ತಂದು, ಹಾಲಿನ ಪ್ಯಾಕೆಟ್ಟು ಬೇರೆ, ಬಾಟಲಿ ಬೇರೆ, ರಟ್ಟು ಬೇರೆ, ಚಪ್ಪಲಿ ಬೇರೆ ಎಂದು ವಿಂಗಡಿಸಿ ಮಾರುವುದು, ಹಸಿಕಸವನ್ನು ಗೊಬ್ಬರ ಮಾಡುವುದು. ವಿಶೇಷ ಯಂತ್ರವೇನೂ ಇಲ್ಲ, ಕೈಗವಸು ಹಾಕಿ ಕೂತ ಹೆಂಗಸರು, ಸಾಲಾಗಿ ಇಟ್ಟ ಬುಟ್ಟಿಗಳು. ದೊಡ್ಡ ಊರಿನವರು ಬಂದು ನೋಡಿ ಹೋದರು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹತ್ತಾರು ಗ್ರಾಮ ಪಂಚಾಯತುಗಳ ಒಣಕಸಕ್ಕೆ ಒಂದೇ ಘಟಕವಾದದ್ದು ಆಮೇಲೆ. ಹಳ್ಳಿಯಿಂದ ಪೇಟೆ ಕಲಿಯಬಹುದಾದ ಉದಾಹರಣೆ ಬೇಕೆಂದರೆ ಇಷ್ಟು ಸಾಕು.

ಪೇಟೆ ಬೆಳೆಯದಿರಲಿ ಎನ್ನುತ್ತಿಲ್ಲ. ಬ್ರಹ್ಮಾವರದ ಹೆದ್ದಾರಿ ಬದಿಯ ಚರಂಡಿ ಒಂದು ಪಂಚಾಯತಿನಲ್ಲಿ ಹುಟ್ಟಿ, ಇನ್ನೊಂದರಲ್ಲಿ ಕಟ್ಟಿ, ಮೂರನೆಯದರ ಗದ್ದೆಗೆ ಬಿಡುವಂತಾದರೆ ಒಬ್ಬರೇ ಹೊಣೆಗಾರರಿರುವುದು ಒಳ್ಳೆಯದೇ. ಅದಕ್ಕೆ ಬೇಕಾದ ಇಂಜಿನಿಯರು, ಆರೋಗ್ಯ ನಿರೀಕ್ಷಕರು, ಜೆಟ್ಟಿಂಗ್ ಯಂತ್ರ ಗ್ರಾಮ ಪಂಚಾಯತಿಗೆ ದಕ್ಕುವುದಿಲ್ಲ. ಆದರೆ ಗೆರೆ ಎಳೆಯುವ ಮೊದಲು ಎರಡು ಕೇಳಬೇಕು. ಕಾಡಂಚಿನ ಊರು ಯಾಕೆ ಒಳಗೆ ಬರಬೇಕು? ಒಳಗೆ ಬಂದವರು ಪ್ರಶ್ನೆ ಕೇಳುವುದು ಎಲ್ಲಿ?

ಎರಡನೆಯದಕ್ಕೆ ಉತ್ತರಿಸಲು ಹೊಸ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಪುರಸಭೆ ಮನಸ್ಸು ಮಾಡಿದರೆ ವರ್ಷಕ್ಕೆರಡು ಸಲ ವಾರ್ಡಿಗೊಂದು ಸಭೆ ಕರೆಯುವುದನ್ನು ತಡೆಯುವವರು ಯಾರೂ ಇಲ್ಲ. ಇಪ್ಪತ್ತಮೂರು ವಾರ್ಡಿಗೆ ಇಪ್ಪತ್ತಮೂರು ಶಾಲೆ ಕೋಣೆ, ಒಂದೊಂದು ಸಂಜೆ. ಈಗಲೂ ಒಂದು ಬಾಗಿಲು ತೆರೆದೇ ಇದೆ. ಆಯವ್ಯಯ ಮಂಡಿಸುವ ಮೊದಲು ಸಾರ್ವಜನಿಕರ ಸಲಹೆಗೆಂದು ಪೂರ್ವಭಾವಿ ಸಭೆ ಕರೆಯುತ್ತಾರೆ, ಪೇಪರಿನಲ್ಲಿ ಸಣ್ಣ ಪ್ರಕಟಣೆ ಬರುತ್ತದೆ. ಸಾಮಾನ್ಯವಾಗಿ ಬರುವವರು ನಾಲ್ಕಾರು ಮಂದಿ, ಅದರಲ್ಲೂ ವರದಿಗಾರರನ್ನು ಬಿಟ್ಟರೆ ಇನ್ನೂ ಕಡಿಮೆ. ಅಲ್ಲಿ ಹೋಗಿ ಕಳೆದ ವರ್ಷ ನಿಮ್ಮ ವಾರ್ಡಿನ ತೋಡಿಗೆ ಎಷ್ಟು ಇಟ್ಟಿದ್ದರು, ಎಷ್ಟು ಖರ್ಚಾಯಿತು, ಉಳಿದದ್ದು ಎಲ್ಲಿದೆ ಎಂದು ಕೇಳಿ. ಜಮಾಖರ್ಚಿನ ಪ್ರತಿ ಕೇಳಿ ತೆಗೆದುಕೊಳ್ಳಿ. ಕೊಡುವುದಿಲ್ಲವೆಂದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ.